ರಾಜ್ಯಶಾಸ್ತ್ರಕ್ಕೆ ಯಾವ ಬಾಗಿಲಿನಿಂದ?

ನಮ್ಮಣ್ಣನ ಮಗಳು ಅಮೆರಿಕದಲ್ಲೇ ಹುಟ್ಟಿ ಬೆಳೆದವಳು. ಅಲ್ಲಿನ ಒಂದು ಸ್ಟೇಟ್ ಯೂನಿವರ್ಸಿಟಿಯಲ್ಲಿ ಈಗ ಎರಡನೆಯ ವರ್ಷ. ಭಾನುವಾರ ಬೆಳಿಗ್ಗೆ ನಮ್ಮಲ್ಲಿ ಕಾಫಿಯ ಹೊತ್ತು, ಅವರಲ್ಲಿ ಶನಿವಾರ ರಾತ್ರಿ. ಫೋನು ಬರುವುದು ಆಗಲೇ. ಈ ಸಲ ಊಟ ತಿಂಡಿ ವಿಚಾರಿಸುವ ಮೊದಲೇ ಶುರು ಮಾಡಿದಳು: "ಅತ್ತೆ, ಈ ಸೆಮಿಸ್ಟರ್ ಮುಗಿಯೋದ್ರೊಳಗೆ ಮೇಜರ್ ಡಿಕ್ಲೇರ್ ಮಾಡ್ಬೇಕು. ನಂಗೆ ಮುಂದೆ ಪೊಲಿಟಿಕಲ್ ಸೈನ್ಸ್‌ನಲ್ಲಿ ಪಿಎಚ್.ಡಿ. ಮಾಡೋ ಆಸೆ. ಹಾಗಂದ್ರೆ ಈಗ್ಲೂ ಪೊಲಿಟಿಕಲ್ ಸೈನ್ಸೇ ತಗೋಬೇಕಾ? ಅಪ್ಪ ಎಕನಾಮಿಕ್ಸ್ ಅಂತಾರೆ. ನೀವೇ ಹೇಳಿ."

ಇಪ್ಪತ್ತಾರು ವರ್ಷ ಪದವಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡಿದವಳು ನಾನು. ಉತ್ತರ ನಾಲಿಗೆಯ ತುದಿಯಲ್ಲೇ ಇರಬೇಕಿತ್ತು, ಇರಲಿಲ್ಲ. ಒಂದು ವಾರ ಕೊಡು ಎಂದೆ. ಆ ವಾರ ನಾಲ್ಕಾರು ವಾರವಾಗಿ ಬೆಳೆಯಿತು. ಕೇಳಿದವಳು ಒಬ್ಬಳಾದರೂ ಈ ಪ್ರಶ್ನೆಯನ್ನು ಇಟ್ಟುಕೊಂಡು ಕೂತವರು ಇಲ್ಲೂ ಅಲ್ಲೂ ಹಲವರಿದ್ದಾರೆಂದು ಗೊತ್ತಿರುವುದರಿಂದ ಬರೆಯುತ್ತಿದ್ದೇನೆ.

ಮೊದಲು ಅಲ್ಲಿಯ ಕ್ರಮ. ನಮ್ಮಲ್ಲಿ ಬಿ.ಎ. ಎಂದರೆ ಎಚ್‌ಇಪಿ, ಎಚ್‌ಇಕೆ ಎಂದು ಕಟ್ಟಿ ಕೊಟ್ಟ ಕಾಂಬಿನೇಷನ್. ಎಚ್‌ಇಪಿಯಾದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಮೂರನ್ನೂ ಸಮನಾಗಿ ಓದಬೇಕು. ಅಮೆರಿಕದ ಪದವಿ ನಾಲ್ಕು ವರ್ಷದ್ದು, ಸುಮಾರು 120 ಕ್ರೆಡಿಟ್‌ಗಳದ್ದು. ಮೊದಲೆರಡು ವರ್ಷ ಅದೂ ಇದೂ ಓದಿ ರುಚಿ ನೋಡಬಹುದು. ಎರಡನೆಯ ವರ್ಷದ ಕೊನೆಯ ಹೊತ್ತಿಗೆ ಒಂದು ವಿಷಯವನ್ನು ಮೇಜರ್ ಎಂದು ಘೋಷಿಸಬೇಕು. ಹಾಗೆ ಘೋಷಿಸಿದ ವಿಷಯಕ್ಕೆ ಹೋಗುವುದು ಹತ್ತು ಹನ್ನೆರಡು ಕೋರ್ಸು, ಅಂದರೆ ಒಟ್ಟು ಓದಿನ ಕಾಲು ಭಾಗದಿಂದ ಮೂರನೆಯ ಒಂದು ಪಾಲಿನವರೆಗೆ. ಮಿಕ್ಕದ್ದರಲ್ಲಿ ಕಡ್ಡಾಯದ್ದನ್ನು ಕಳೆದರೂ ಕೈಗೆ ಸಾಕಷ್ಟು ಉಳಿಯುತ್ತದೆ. ಈ ಉಳಿದ ಪಾಲನ್ನು ಮರೆತು ಮೇಜರ್‌ನ ಹೆಸರೊಂದನ್ನೇ ಹಿಡಿದು ಚಿಂತಿಸುವುದರಿಂದಲೇ ಮನೆಗಳಲ್ಲಿ ಅರ್ಧ ಜಗಳ ಹುಟ್ಟುವುದು.

ಪಿಎಚ್.ಡಿ.ಗೆ ಅಲ್ಲಿ ಎಂ.ಎ. ಇಲ್ಲದೆ ನೇರವಾಗಿ ಸೇರಬಹುದು. ಐದಾರು ವರ್ಷದ ಓದು. ಒಳ್ಳೆಯ ವಿಭಾಗಗಳು ಶುಲ್ಕವನ್ನು ಬಿಟ್ಟುಕೊಟ್ಟು ಬದುಕಿಗೆ ಸ್ಟೈಪೆಂಡನ್ನೂ ಕೊಡುತ್ತವೆ. ಬದಲಿಗೆ ವಿದ್ಯಾರ್ಥಿ ತರಗತಿಗಳಲ್ಲಿ ಪ್ರಾಧ್ಯಾಪಕರಿಗೆ ನೆರವಾಗಬೇಕು. ಅರ್ಜಿ ಡಿಸೆಂಬರಿನಲ್ಲಿ, ಉತ್ತರ ಫೆಬ್ರವರಿ ಮಾರ್ಚಿನಲ್ಲಿ, ಒಪ್ಪಿಗೆ ತಿಳಿಸಲು ಏಪ್ರಿಲ್ 15ರ ಗಡುವು. ಆಯ್ಕೆ ಮಾಡುವವರು ಆಯಾ ವಿಭಾಗದ ಪ್ರಾಧ್ಯಾಪಕರೇ. ಹೆಸರಾಂತ ವಿಭಾಗಗಳಿಗೆ ನೂರಾರು ಅರ್ಜಿ ಬರುತ್ತವೆ, ಸೀಟು ಹತ್ತೋ ಇಪ್ಪತ್ತೋ. ಆ ಪ್ರಾಧ್ಯಾಪಕರು ರಾಜ್ಯಶಾಸ್ತ್ರದ ಪದವಿಯನ್ನೇ ಕೇಳುತ್ತಾರೆಯೇ ಎಂದರೆ, ಇಲ್ಲ. ವಿಭಾಗದ ಹೆಸರು ಕೂಡ ಎಲ್ಲ ಕಡೆ ಒಂದೇ ಇಲ್ಲ. ಹಾರ್ವರ್ಡ್‌ನಲ್ಲಿ ಅದು 'ಗವರ್ನ್‌ಮೆಂಟ್', ಪ್ರಿನ್ಸ್‌ಟನ್‌ನಲ್ಲಿ 'ಪಾಲಿಟಿಕ್ಸ್'.

ಈ ಶಾಸ್ತ್ರದ ಗಡಿ ಎಷ್ಟು ಸಡಿಲವಾದದ್ದು ಎಂಬುದಕ್ಕೆ ನಮ್ಮವರದೇ ಒಂದು ಉದಾಹರಣೆಯಿದೆ. ಬಿ.ಆರ್. ಅಂಬೇಡ್ಕರ್ 1912ರಲ್ಲಿ ಅರ್ಥಶಾಸ್ತ್ರ ಮತ್ತು ರಾಜ್ಯಶಾಸ್ತ್ರದಲ್ಲಿ ಬಿ.ಎ. ಮುಗಿಸಿ, ಮರುವರ್ಷ ಬರೋಡಾ ಮಹಾರಾಜರ ವಿದ್ಯಾರ್ಥಿವೇತನದ ಮೇಲೆ ನ್ಯೂಯಾರ್ಕಿನ ಕೊಲಂಬಿಯಾಕ್ಕೆ ಹೋದರು. ಅವರು ಸೇರಿದ್ದು ಅಲ್ಲಿನ 'ಫ್ಯಾಕಲ್ಟಿ ಆಫ್ ಪೊಲಿಟಿಕಲ್ ಸೈನ್ಸ್'. ಅಲ್ಲಿ ತೆಗೆದುಕೊಂಡ ಕೋರ್ಸುಗಳ ಲೆಕ್ಕ ಉಳಿದು ಬಂದಿದೆ: ಅರ್ಥಶಾಸ್ತ್ರದಲ್ಲಿ 29, ಇತಿಹಾಸದಲ್ಲಿ 11, ಸಮಾಜಶಾಸ್ತ್ರದಲ್ಲಿ 6, ತತ್ವಶಾಸ್ತ್ರದಲ್ಲಿ 5, ಮಾನವಶಾಸ್ತ್ರದಲ್ಲಿ 4, ರಾಜಕೀಯದಲ್ಲಿ 3, ಜೊತೆಗೆ ಫ್ರೆಂಚ್ ಮತ್ತು ಜರ್ಮನ್ ಭಾಷೆಯಲ್ಲಿ ಒಂದೊಂದು. ರಾಜಕೀಯದಲ್ಲಿ ಬರೀ ಮೂರು. ಜಾತಿಯ ಹುಟ್ಟಿನ ಬಗೆಗಿನ ಅವರ ಹೆಸರಾಂತ ಪ್ರಬಂಧ 1916ರಲ್ಲಿ ಮಂಡನೆಯಾದದ್ದು ಮಾನವಶಾಸ್ತ್ರದ ಸೆಮಿನಾರಿನಲ್ಲಿ. ಸಂವಿಧಾನದ ಕರಡು ಬರೆದ ಕೈ ಪಳಗಿದ್ದು ಇಷ್ಟೆಲ್ಲ ಕಡೆ ತಿರುಗಿ.

ಹಾಗಾದರೆ ಯಾವುದನ್ನಾದರೂ ಓದಬಹುದು ಎಂದು ಹೇಳಿ ಫೋನಿಡಬಹುದಿತ್ತು. ಹಾಗೆ ಹೇಳಲು ನನ್ನ ಮನಸ್ಸು ಒಪ್ಪಲಿಲ್ಲ. ಎಲಿನಾರ್ ಆಸ್ಟ್ರಮ್ ನೆನಪಾದರು.

ಆಸ್ಟ್ರಮ್ ಲಾಸ್ ಏಂಜಲೀಸ್‌ನಲ್ಲಿ 1933ರಲ್ಲಿ ಹುಟ್ಟಿದವರು. ಹೈಸ್ಕೂಲಿನಲ್ಲಿ ತ್ರಿಕೋನಮಿತಿ ಕಲಿಯುತ್ತೇನೆಂದರೆ, ಹುಡುಗಿಯರಿಗೆ ಅದೇಕೆ ಎಂದು ತಡೆದರು. 1954ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕ್ಯಾಂಪಸ್ಸಿನಲ್ಲಿ ರಾಜ್ಯಶಾಸ್ತ್ರದಲ್ಲಿ ಬಿ.ಎ. ಆಯಿತು. ಕೆಲ ವರ್ಷ ಕೆಲಸ ಮಾಡಿ ಅರ್ಥಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಬೇಕೆಂದು ಹೋದರೆ, ಗಣಿತ ಓದಿಲ್ಲವೆಂದು ಆ ವಿಭಾಗ ಬಾಗಿಲು ಹಾಕಿತು. ಶಾಲೆಯಲ್ಲಿ ತಪ್ಪಿದ ಒಂದು ವಿಷಯ ಹತ್ತು ವರ್ಷದ ಮೇಲೆ ಎದುರಿಗೆ ಬಂದು ನಿಂತ ಬಗೆ ಇದು. ರಾಜ್ಯಶಾಸ್ತ್ರ ವಿಭಾಗ ಅವರನ್ನು ಸೇರಿಸಿಕೊಂಡಿತು. ಪಿಎಚ್.ಡಿ.ಗೆ ಆರಿಸಿಕೊಂಡ ವಿಷಯ ಆ ಊರಿನ ಅಂತರ್ಜಲ. ಎಲ್ಲರೂ ಪಂಪು ಹಾಕಿ ಎತ್ತಿದ್ದರಿಂದ ನೆಲದ ನೀರು ಸಮುದ್ರಮಟ್ಟಕ್ಕಿಂತ ಕೆಳಗಿಳಿದು, ಕಡಲಿನ ಉಪ್ಪುನೀರು ಒಳನುಗ್ಗುತ್ತಿತ್ತು. ನೀರು ಬಳಸುವವರೇ ಕೂತು ಮಾತಾಡಿ, ಸಂಘ ಕಟ್ಟಿ, ಕೋರ್ಟಿನಲ್ಲಿ ಪಾಲು ನಿಗದಿ ಮಾಡಿಕೊಂಡು, ಅದನ್ನು ತಡೆಯುವ ದಾರಿ ಕಂಡುಕೊಂಡದ್ದನ್ನು ಆಸ್ಟ್ರಮ್ ಹತ್ತಿರದಿಂದ ನೋಡಿದರು. 1965ರಲ್ಲಿ ಪದವಿ ಬಂತು. ಎಲ್ಲರಿಗೂ ಸೇರಿದ ನೀರನ್ನು, ಕಾಡನ್ನು, ಮೀನನ್ನು ಜನರೇ ನಿಯಮ ಮಾಡಿಕೊಂಡು ಹೇಗೆ ಉಳಿಸಿಕೊಳ್ಳುತ್ತಾರೆ ಎಂಬುದು ಅವರ ಬದುಕಿನ ಕೆಲಸವಾಯಿತು. ಕೆರೆಯ ತೂಬು ಎತ್ತಿ ಸರದಿಯಂತೆ ಗದ್ದೆಗೆ ನೀರು ಬಿಡುವ ನೀರುಗಂಟಿಯನ್ನು ಕಂಡವರಿಗೆ ಅವರ ಪುಸ್ತಕಗಳು ಹೊಸದೆನಿಸುವುದಿಲ್ಲ. 2009ರಲ್ಲಿ ನೊಬೆಲ್ ಬಂದದ್ದು ಅರ್ಥಶಾಸ್ತ್ರಕ್ಕೆ. ಆ ವಿಷಯದಲ್ಲಿ ಅದನ್ನು ಪಡೆದ ಮೊದಲ ಹೆಣ್ಣು ಅವರು.

ಬಾಗಿಲು ಮುಚ್ಚಿದ್ದೇ ಒಳ್ಳೆಯದಾಯಿತು ಎಂದು ಈ ಕಥೆಯನ್ನು ಮುಗಿಸುವವರಿದ್ದಾರೆ. ನನಗೆ ಅದರ ಇನ್ನೊಂದು ತುಣುಕು ಮುಖ್ಯ. 1980ರ ದಶಕದಲ್ಲಿ, ಪ್ರಾಧ್ಯಾಪಕಿಯಾಗಿ ಹೆಸರು ಮಾಡಿದ ಮೇಲೆ, ಆಸ್ಟ್ರಮ್ ಜರ್ಮನಿಯ ಬೀಲೆಫೆಲ್ಡ್‌ಗೆ ಹೋಗಿ ರೈನ್‌ಹಾರ್ಡ್ ಸೆಲ್ಟನ್ ಎಂಬ ಗಣಿತಜ್ಞರ ಬಳಿ, ಒಬ್ಬರ ನಡೆ ಇನ್ನೊಬ್ಬರ ನಡೆಯನ್ನು ಅವಲಂಬಿಸುವ ಬಗೆಯನ್ನು ಗಣಿತದಲ್ಲಿ ಹಿಡಿಯುವ ಗೇಮ್ ಥಿಯರಿ ಕಲಿತರು. ಎಳವೆಯಲ್ಲಿ ಸಿಗದೆ ಹೋದದ್ದನ್ನು ಐವತ್ತರ ಹತ್ತಿರ ಹೋಗಿ ಕೂತು ಕಲಿತರು. ಆ ಗಟ್ಟಿತನ ಎಲ್ಲರಿಗೂ ಬರುವುದಿಲ್ಲ. ಅಂಥ ಅವಕಾಶವೂ ಎಲ್ಲರಿಗೂ ಸಿಗುವುದಿಲ್ಲ.

ನನಗೆ ಸಿಗಲಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿಗೆ ಸೇರುವಾಗ ಕಲಾ ವಿಭಾಗದ ಜೊತೆ ಗಣಿತ ಬೇಕೆಂದು ಕೇಳಿದ್ದೆ. ಆರ್ಟ್ಸ್‌ಗೆ ಮ್ಯಾಥ್ಸ್ ಕಾಂಬಿನೇಷನ್ ಇಲ್ಲಮ್ಮ ಎಂದು ಆಫೀಸಿನವರು ಅರ್ಜಿ ವಾಪಸು ಕೊಟ್ಟರು. ಹದಿನಾರು ವರ್ಷದ ಹುಡುಗಿ, ಸುಮ್ಮನೆ ಬಂದೆ. ಎಂ.ಫಿಲ್. ಮಾಡುವಾಗ ಅಮೆರಿಕದ ಪತ್ರಿಕೆಗಳ ಲೇಖನ ತೆರೆದರೆ ಮೊದಲ ನಾಲ್ಕು ಪುಟ ಅರ್ಥವಾಗುತ್ತಿತ್ತು, ಕೊನೆಯ ಎರಡು ಪುಟ ಅರ್ಥವಾಗುತ್ತಿತ್ತು, ನಡುವಿನ ಕೋಷ್ಟಕಗಳನ್ನು ದಾಟಿಬಿಡುತ್ತಿದ್ದೆ. ಚುನಾವಣೆಯ ಬಗ್ಗೆ ಪಾಠ ಮಾಡುವವಳಿಗೆ ಚುನಾವಣೆಯ ಅಂಕಿಗಳನ್ನು ಇನ್ನೊಬ್ಬರು ಹೇಳಿದ ಹಾಗೆ ಒಪ್ಪಿಕೊಳ್ಳಬೇಕಾದ ಸ್ಥಿತಿ. ಈ ನೋವು ನನಗೆ ಇವತ್ತಿಗೂ ಇದೆ.

ಅಮೆರಿಕದ ರಾಜ್ಯಶಾಸ್ತ್ರ ಪಿಎಚ್.ಡಿ.ಯ ಮೊದಲ ವರ್ಷ ಎಂದರೆ ಸಂಖ್ಯಾಶಾಸ್ತ್ರ, ರಿಗ್ರೆಷನ್, ಕಾರ್ಯಕಾರಣ ಸಂಬಂಧವನ್ನು ಪತ್ತೆ ಮಾಡುವ ವಿಧಾನಗಳು, ಗೇಮ್ ಥಿಯರಿ. ತರಗತಿ ಶುರುವಾಗುವ ಮುಂಚೆ 'ಮ್ಯಾಥ್ ಕ್ಯಾಂಪ್' ಎಂದು ಒಂದೆರಡು ವಾರ ಕೂರಿಸಿ ಕ್ಯಾಲ್ಕುಲಸ್, ಮ್ಯಾಟ್ರಿಕ್ಸ್, ಸಂಭವನೀಯತೆಗಳನ್ನು ತಿರುವಿಹಾಕಿಸುವ ವಿಭಾಗಗಳು ಹಲವಾರಿವೆ. ಮೊದಲೇ ಓದಿದವರಿಗೆ ಅದು ನೆನಪು ಮಾಡಿಕೊಳ್ಳುವ ಕೆಲಸ, ಓದದವರಿಗೆ ಉಸಿರು ಕಟ್ಟುವ ಕೆಲಸ.

ಈ ಲೆಕ್ಕವೆಲ್ಲ ಯಾತಕ್ಕೆ? ನಮ್ಮ ನಾಡಿನ ಉದಾಹರಣೆಯನ್ನೇ ಹೇಳುತ್ತೇನೆ. ಗ್ರಾಮ ಪಂಚಾಯಿತಿಯ ಅಧ್ಯಕ್ಷ ಸ್ಥಾನ ಪರಿಶಿಷ್ಟರಿಗೆ ಮೀಸಲಾದರೆ ಆ ಊರಿನ ಪರಿಶಿಷ್ಟರಿಗೆ ಸವಲತ್ತು ಹೆಚ್ಚು ಸಿಗುತ್ತದೆಯೇ? ಮೀಸಲಾದ ಪಂಚಾಯಿತಿ, ಮೀಸಲಾಗದ ಪಂಚಾಯಿತಿ ಎರಡನ್ನೂ ತೂಗಿ ನೋಡಿದರೆ ಸಾಕೆನ್ನಿಸುತ್ತದೆ. ಸಾಕಾಗುವುದಿಲ್ಲ. ಪರಿಶಿಷ್ಟರ ಸಂಖ್ಯೆ ಹೆಚ್ಚಿರುವ ಕಡೆಯೇ ಮೀಸಲಾತಿ ಮೊದಲು ಬರುವುದಾದರೆ, ಕಂಡ ವ್ಯತ್ಯಾಸ ಮೀಸಲಾತಿಯದೋ ಸಂಖ್ಯಾಬಲದ್ದೋ ಹೇಳಲಾಗುವುದಿಲ್ಲ. ಥ್ಯಾಡ್ ಡನಿಂಗ್ ಮತ್ತು ಜಾಹ್ನವಿ ನಿಲೇಕಣಿ ಎಂಬ ಇಬ್ಬರು ಸಂಶೋಧಕರು ಇದಕ್ಕೊಂದು ಉಪಾಯ ಹುಡುಕಿದರು. ಮೀಸಲಾತಿಯ ಸರದಿಪಟ್ಟಿಯಲ್ಲಿ ಗೆರೆಯ ಸ್ವಲ್ಪವೇ ಮೇಲೆ ಉಳಿದ ಮತ್ತು ಸ್ವಲ್ಪವೇ ಕೆಳಗೆ ಉಳಿದ ಪಂಚಾಯಿತಿಗಳು ಮಿಕ್ಕೆಲ್ಲ ರೀತಿಯಲ್ಲೂ ಒಂದೇ ತೆರನಾಗಿರುತ್ತವಷ್ಟೆ. ಅವನ್ನು ಮಾತ್ರ ಎದುರುಬದುರು ಇಟ್ಟು ನೋಡಿದರು. ಕರ್ನಾಟಕದಿಂದ ಶುರುವಾಗಿ ರಾಜಸ್ಥಾನ, ಬಿಹಾರಗಳಿಗೂ ಚಾಚಿದ ಆ ಅಧ್ಯಯನ 2013ರಲ್ಲಿ ಅಮೆರಿಕದ ಅತಿ ಮುಖ್ಯ ರಾಜ್ಯಶಾಸ್ತ್ರ ಪತ್ರಿಕೆಯಲ್ಲಿ ಬಂತು. ಮೀಸಲಾತಿಯಿಂದ ಸವಲತ್ತಿನ ಹಂಚಿಕೆ ಅಷ್ಟೇನೂ ಬದಲಾಗಿರಲಿಲ್ಲ. ಜಾತಿಗಳ ನಡುವೆ ಹಾದುಹೋಗುವ ಪಕ್ಷದ ನಂಟು ಕೆಲಸ ಮಾಡುತ್ತಿದ್ದ ಸೂಚನೆಗಳಿದ್ದವು. ಈ ತೀರ್ಮಾನವನ್ನು ಒಪ್ಪದವರೂ ಇರಬಹುದು. ಆದರೆ ಒಪ್ಪದೆ ಇರಬೇಕಾದರೂ ಆ ಕೋಷ್ಟಕ ಓದಲು ಬರಬೇಕು. ಇನ್ನೊಂದು ಮಾತು. ಜಾಹ್ನವಿ ಯೇಲ್‌ನಲ್ಲಿ ಪದವಿ ಓದುವಾಗ ಬರೆದ ಆನರ್ಸ್ ಪ್ರಬಂಧದ ವಿಷಯವೇ ಕರ್ನಾಟಕದ ಗ್ರಾಮ ಪಂಚಾಯಿತಿಗಳ ಮಹಿಳಾ ಮೀಸಲಾತಿ. ಪದವಿಯಲ್ಲಿ ಹಿಡಿದ ಎಳೆಯೇ ಮುಂದೆ ಹಗ್ಗವಾಯಿತು.

ಗಣಿತದ ಬಾಗಿಲಿನಿಂದಲೇ ಬಂದವರೂ ಇದ್ದಾರೆ. ರಾಬರ್ಟ್ ಆಕ್ಸೆಲ್‌ರಾಡ್ 1964ರಲ್ಲಿ ಶಿಕಾಗೊದಲ್ಲಿ ಗಣಿತದ ಪದವಿ ಪಡೆದು, ಯೇಲ್‌ನಲ್ಲಿ ರಾಜ್ಯಶಾಸ್ತ್ರದ ಪಿಎಚ್.ಡಿ. ಮಾಡಿದರು. ಸ್ವಾರ್ಥಿಗಳಾದ ಇಬ್ಬರ ನಡುವೆ, ಮೇಲೆ ಹೇಳಿ ಮಾಡಿಸುವವರು ಯಾರೂ ಇಲ್ಲದಾಗ, ಸಹಕಾರ ಹುಟ್ಟಬಹುದೇ? ಬಲ್ಲವರಿಂದ ಕಂಪ್ಯೂಟರ್ ಪ್ರೋಗ್ರಾಮುಗಳನ್ನು ತರಿಸಿಕೊಂಡು ಒಂದರ ಜೊತೆ ಒಂದನ್ನು ಆಡಿಸಿ ನೋಡಿದರು. ಮೊದಲ ಸುತ್ತಿಗೆ 14 ಪ್ರೋಗ್ರಾಮುಗಳು ಬಂದವು. ಗೆದ್ದದ್ದು ಅವೆಲ್ಲದರಲ್ಲಿ ಅತಿ ಚಿಕ್ಕದು: ಮೊದಲು ಸಹಕರಿಸು, ಆಮೇಲೆ ಎದುರಿನವನು ಹೋದ ಸಲ ಮಾಡಿದ್ದನ್ನೇ ಮಾಡು. ಎರಡನೆಯ ಸುತ್ತಿನ 62ರಲ್ಲೂ ಅದೇ ಗೆದ್ದಿತು. 1984ರ ಅವರ ಪುಸ್ತಕ ಯುದ್ಧ, ವ್ಯಾಪಾರ, ಜೀವಶಾಸ್ತ್ರದವರ ತನಕ ಓಡಾಡಿತು.

ಅಣ್ಣ ಹೇಳಿದ ಅರ್ಥಶಾಸ್ತ್ರಕ್ಕೂ ಗಣಿತದ ಈ ಬಲವಿದೆ ಎಂದು ಒಪ್ಪಿಕೊಂಡೆ. ಆದರೆ ಅರ್ಥಶಾಸ್ತ್ರವನ್ನು ಮೇಜರ್ ಮಾಡಿಕೊಂಡರೆ ಗಣಿತ ತಾನಾಗಿ ಬರುತ್ತದೆ ಎಂದುಕೊಳ್ಳುವುದು ತಪ್ಪು. ಎಷ್ಟೋ ಕಡೆ ಸ್ವಲ್ಪ ಕ್ಯಾಲ್ಕುಲಸ್‌ನಲ್ಲೇ ಆ ಪದವಿ ಮುಗಿಸಬಹುದು. ಹೆಸರು ಯಾವುದೇ ಇರಲಿ, ಮೂರು ಸೆಮಿಸ್ಟರ್ ಕ್ಯಾಲ್ಕುಲಸ್, ಒಂದು ಲೀನಿಯರ್ ಆಲ್‌ಜೀಬ್ರಾ, ಒಂದೆರಡು ಸಂಭವನೀಯತೆ ಮತ್ತು ಸಂಖ್ಯಾಶಾಸ್ತ್ರ, ಜೊತೆಗೆ ಆರ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಅಂಕಿಅಂಶ ಬಿಡಿಸುವ ಅಭ್ಯಾಸ, ಇಷ್ಟು ಅಂಕಪಟ್ಟಿಯಲ್ಲಿ ಕಂಡರೆ ಆಯ್ಕೆ ಸಮಿತಿಗೆ ಧೈರ್ಯ ಬರುತ್ತದೆ. ಹುಡುಗಿಗೂ ಬರುತ್ತದೆ.

ಇಷ್ಟು ಹೇಳಿದ ಮೇಲೆ ನಾನು ಸಂಖ್ಯೆಯ ಪಕ್ಷ ಸೇರಿದೆನೆಂದು ಯಾರಾದರೂ ತಿಳಿದರೆ ನನಗೆ ಬೇಸರವಾಗುತ್ತದೆ. ಏಕೆಂದರೆ ನನಗೆ ಈ ಶಾಸ್ತ್ರದ ಹುಚ್ಚು ಹಿಡಿಸಿದ ಪುಸ್ತಕ ಒಬ್ಬ ರಾಜ್ಯಶಾಸ್ತ್ರಜ್ಞರು ಬರೆದದ್ದೇ ಅಲ್ಲ. ಅದನ್ನು ಬರೆದ ಎಂ.ಎನ್. ಶ್ರೀನಿವಾಸ್ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಸಾಮಾಜಿಕ ತತ್ವಶಾಸ್ತ್ರ ಓದಿದವರು. 1948ರಲ್ಲಿ ಮೈಸೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಮನೆ ಮಾಡಿಕೊಂಡಿದ್ದು, ಊರಿನವರ ಜೊತೆ ಕನ್ನಡದಲ್ಲೇ ಮಾತಾಡಿ, ಯಾರು ಯಾರ ಮಾತು ಕೇಳುತ್ತಾರೆ, ಯಾಕೆ ಕೇಳುತ್ತಾರೆ ಎಂದು ಬರೆದಿಟ್ಟುಕೊಂಡರು. ಆ ಹಳ್ಳಿಯನ್ನು ಪುಸ್ತಕದಲ್ಲಿ ರಾಂಪುರ ಎಂದು ಕರೆದರು. ಇವತ್ತು ಪ್ರತಿ ಚುನಾವಣೆಯಲ್ಲೂ ಟಿವಿಯವರು ನೂರು ಸಲ ಹೇಳುವ 'ವೋಟ್ ಬ್ಯಾಂಕ್' ಎಂಬ ಮಾತು 1955ರ ಅವರ ಬರಹದಿಂದ ಹೊರಟದ್ದು. 1970ರಲ್ಲಿ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ಬೆಂಕಿಯಲ್ಲಿ ಅವರು ಸಂಸ್ಕರಿಸಿಟ್ಟಿದ್ದ ಟಿಪ್ಪಣಿಗಳು ಸುಟ್ಟುಹೋದವು. ನೆನಪಿನಿಂದಲೇ ಇಡೀ ಹಳ್ಳಿಯನ್ನು ಬರೆದರು. ಆ ಪುಸ್ತಕ 1976ರಲ್ಲಿ ಬಂತು. ಕನ್ನಡ ಬರದ ಒಬ್ಬರು ಅದೇ ಊರಿನಲ್ಲಿ ಅಷ್ಟೇ ದಿನ ಇದ್ದಿದ್ದರೆ ನೆನಪಿನಲ್ಲಿ ಉಳಿಯುವಷ್ಟು ಕೇಳಿಸಿಕೊಳ್ಳುತ್ತಿದ್ದರೇ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಜೇಮ್ಸ್ ಸಿ. ಸ್ಕಾಟ್ ಕಥೆಯೂ ಇಂಥದೇ. ವಿಲಿಯಮ್ಸ್ ಕಾಲೇಜಿನಲ್ಲಿ ಅವರು ಓದಿದ್ದು ರಾಜಕೀಯ ಅರ್ಥಶಾಸ್ತ್ರ. ಪ್ರೀತಿಯಲ್ಲಿ ಬಿದ್ದು ಆನರ್ಸ್ ಪ್ರಬಂಧದ ಕೆಲಸ ಕೆಡಿಸಿಕೊಂಡಾಗ ಮಾರ್ಗದರ್ಶಕರು ಕೈಬಿಟ್ಟರು. ಇನ್ನೊಬ್ಬ ಪ್ರಾಧ್ಯಾಪಕರು, ಬರ್ಮಾದ ಅರ್ಥವ್ಯವಸ್ಥೆಯ ಬಗ್ಗೆ ಬರೆಯುವುದಾದರೆ ಬಾ ಎಂದರು. ಬರ್ಮಾ ಎಲ್ಲಿದೆಯೆಂದು ಗೊತ್ತಿಲ್ಲದ ಹುಡುಗ ಒಪ್ಪಿಕೊಂಡ. ಅಲ್ಲಿಂದ ಆಗ್ನೇಯ ಏಷ್ಯಾ ಅವರ ಬದುಕಾಯಿತು. ಯೇಲ್‌ನಲ್ಲಿ ಪಿಎಚ್.ಡಿ. ಮುಗಿಸಿದ ಮೇಲೆ, ನಲವತ್ತು ದಾಟಿದ ಪ್ರಾಧ್ಯಾಪಕ, ಮಲೇಷ್ಯಾದ ಭತ್ತ ಬೆಳೆಯುವ ಹಳ್ಳಿಯೊಂದರಲ್ಲಿ ಎರಡು ವರ್ಷ ಇದ್ದು ಬಡ ರೈತರ ಸಣ್ಣಪುಟ್ಟ ಪ್ರತಿಭಟನೆಗಳನ್ನು ನೋಡಿದರು: ಬೇಕೆಂದೇ ನಿಧಾನ ಮಾಡುವುದು, ಗೊತ್ತಿಲ್ಲದವರಂತೆ ಇರುವುದು, ಬೆನ್ನ ಹಿಂದೆ ಆಡಿಕೊಳ್ಳುವುದು. ಯಾವ ಕೋಷ್ಟಕದಲ್ಲೂ ಸಿಗದ ರಾಜಕೀಯ ಅದು.

ಸಂಖ್ಯೆಯವರಿಗೂ ಹಳ್ಳಿಯಲ್ಲಿ ಕೂತು ಕೇಳಿಸಿಕೊಳ್ಳುವವರಿಗೂ ಅಮೆರಿಕದಲ್ಲಿ ದೊಡ್ಡ ವಾಗ್ವಾದವೇ ನಡೆಯಿತು. 2000ದಲ್ಲಿ 'ಮಿಸ್ಟರ್ ಪೆರೆಸ್ಟ್ರೋಯಿಕಾ' ಎಂದು ಸಹಿ ಮಾಡಿದ, ಯಾರು ಬರೆದದ್ದೆಂದು ತಿಳಿಯದ ಒಂದು ಇಮೇಲ್, ಈ ಶಾಸ್ತ್ರ ಗಣಿತದ ಕೈಗೆ ಸಿಕ್ಕಿ ಜಗತ್ತನ್ನೇ ಮರೆಯುತ್ತಿದೆ ಎಂದು ದೂರಿತು. ನೂರಾರು ಜನ ದನಿಗೂಡಿಸಿದರು. ರಾಜಸ್ಥಾನವನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಸೂಸನ್ ರುಡಾಲ್ಫ್ ಕೆಲವೇ ವರ್ಷಗಳಲ್ಲಿ ಅಮೆರಿಕದ ರಾಜ್ಯಶಾಸ್ತ್ರ ಸಂಘದ ಅಧ್ಯಕ್ಷೆಯಾದದ್ದು ಆ ಅಲೆಯ ಹಿನ್ನೆಲೆಯಲ್ಲೇ. ಈಗ ಜಗಳ ತಣ್ಣಗಾಗಿದೆ. ಎರಡೂ ಬಲ್ಲವರಿಗೆ ಬೆಲೆ ಹೆಚ್ಚಿದೆ.

ಅದಕ್ಕೇ ಇತಿಹಾಸವನ್ನೋ ಒಂದು ಪ್ರದೇಶದ ಅಧ್ಯಯನವನ್ನೋ ಮೇಜರ್ ಮಾಡಿಕೊಂಡು ಭಾಷೆ ಕಲಿತು ಬಂದವರಿಗೆ ತುಲನಾತ್ಮಕ ರಾಜಕೀಯ ಎಂಬ ಉಪವಿಭಾಗದಲ್ಲಿ ಜಾಗವಿದೆ. ಅಮೆರಿಕದ ರಾಜಕೀಯ, ತುಲನಾತ್ಮಕ ರಾಜಕೀಯ, ಅಂತರರಾಷ್ಟ್ರೀಯ ಸಂಬಂಧ, ರಾಜಕೀಯ ಚಿಂತನೆ, ಸಂಶೋಧನಾ ವಿಧಾನ ಎಂದು ಅಲ್ಲಿ ಶಾಸ್ತ್ರವನ್ನು ಐದಾಗಿ ಪಾಲು ಮಾಡುತ್ತಾರೆ. ಕೊನೆಯದಕ್ಕೆ ಗಣಿತವೇ ಉಸಿರು. ರಾಜಕೀಯ ಚಿಂತನೆಗೆ ಬೇಕಾದದ್ದು ಬೇರೆ: ತತ್ವಶಾಸ್ತ್ರ ಮತ್ತು ಮೂಲ ಗ್ರಂಥಗಳ ಭಾಷೆ. ಫ್ರಾನ್ಸಿಸ್ ಫುಕುಯಾಮ ಕಾರ್ನೆಲ್‌ನಲ್ಲಿ ಪದವಿಗೆ ಓದಿದ್ದು ಗ್ರೀಕ್ ಲ್ಯಾಟಿನ್ ಪ್ರಾಚೀನ ಸಾಹಿತ್ಯ. ಆಮೇಲೆ ಸ್ವಲ್ಪ ಕಾಲ ಯೇಲ್‌ನಲ್ಲಿ ತುಲನಾತ್ಮಕ ಸಾಹಿತ್ಯ ಓದಿ, ಹಾರ್ವರ್ಡ್‌ಗೆ ಹೋಗಿ ಪಿಎಚ್.ಡಿ. ಪಡೆದರು.

ಈಗ ರಾಜ್ಯಶಾಸ್ತ್ರವನ್ನೇ ಮೇಜರ್ ಮಾಡಿಕೊಳ್ಳುವ ಮಾತು. ನನ್ನ ವಿಷಯ, ಅದನ್ನು ಬಿಟ್ಟುಕೊಡಲಾರೆ. ಈ ಶಾಸ್ತ್ರದಲ್ಲಿ ಯಾವ ಪ್ರಶ್ನೆಗಳನ್ನು ಕೇಳುತ್ತಾರೆ, ಯಾರು ಯಾರೊಡನೆ ವಾದಕ್ಕಿಳಿದಿದ್ದಾರೆ ಎಂಬುದು ಅದನ್ನು ಓದಿದವರಿಗೇ ತಿಳಿಯುವುದು. ಅರ್ಜಿಯ ಜೊತೆ ಬರೆಯುವ ಉದ್ದೇಶಪತ್ರದಲ್ಲಿ ಇದು ಎದ್ದು ಕಾಣುತ್ತದೆ. ರಾಜಕೀಯದಲ್ಲಿ ಆಸಕ್ತಿಯಿದೆ ಎಂದು ಬರೆಯುವವರು ಬೇರೆ, ರಾಜಕೀಯದ ಬಗ್ಗೆ ಸಂಶೋಧನೆ ಎಂದರೇನು ಎಂದು ಬಲ್ಲವರು ಬೇರೆ. ಒಂದೇ ಒಂದು ಕೋರ್ಸು ಬದುಕನ್ನು ತಿರುಗಿಸುವುದೂ ಉಂಟು. ಕಾಂಡೊಲೀಸಾ ರೈಸ್ ಡೆನ್ವರ್ ವಿಶ್ವವಿದ್ಯಾಲಯಕ್ಕೆ ಸೇರಿದ್ದು ಪಿಯಾನೊ ಕಲಿಯಲು. ಜೋಸೆಫ್ ಕೋರ್ಬೆಲ್ ಎಂಬ ಪ್ರಾಧ್ಯಾಪಕರ ಅಂತರರಾಷ್ಟ್ರೀಯ ರಾಜಕೀಯದ ತರಗತಿಯಲ್ಲಿ ಕೂತ ಮೇಲೆ ಮೇಜರ್ ಬದಲಾಯಿಸಿದರು. ಅದೇ ವಿಶ್ವವಿದ್ಯಾಲಯದಲ್ಲಿ 1981ರಲ್ಲಿ ಪಿಎಚ್.ಡಿ. ಪಡೆದು, ಮುಂದೆ ವಿದೇಶಾಂಗ ಮಂತ್ರಿಯಾದರು. ಕೋರ್ಬೆಲ್ ಅವರ ಮಗಳು ಮೆಡಲಿನ್ ಆಲ್‌ಬ್ರೈಟ್ ಕೂಡ ರಾಜ್ಯಶಾಸ್ತ್ರದ ಪದವೀಧರೆ, ರೈಸ್‌ಗಿಂತ ಮೊದಲೇ ಅದೇ ಹುದ್ದೆಗೇರಿದವರು.

ಆದರೂ ನನ್ನ ಅನುಭವ ಒಂದು ಮಾತು ಹೇಳುತ್ತದೆ. ರಾಜ್ಯಶಾಸ್ತ್ರವನ್ನು ಪಿಎಚ್.ಡಿ.ಯಲ್ಲಿ ಮತ್ತೆ ಮೊದಲಿನಿಂದ ಕಲಿಸುತ್ತಾರೆ. ಗಣಿತವನ್ನು, ಭಾಷೆಯನ್ನು, ಕಷ್ಟದ ಪುಸ್ತಕವನ್ನು ತಿಂಗಳುಗಟ್ಟಲೆ ಹಿಡಿದು ಕೂರುವ ಅಭ್ಯಾಸವನ್ನು ಅಲ್ಲಿ ಯಾರೂ ಮೊದಲಿನಿಂದ ಕಲಿಸುವುದಿಲ್ಲ. ಆದ್ದರಿಂದ ಪದವಿಯ ವರ್ಷಗಳನ್ನು ಆಮೇಲೆ ಕಲಿಯಲು ಕಷ್ಟವಾಗುವುದಕ್ಕೆ ಕೊಡಬೇಕು. ಮೇಜರ್ ಎಂಬುದು ಮನಸ್ಸು ತಾನಾಗಿ ಹೋಗಿ ಕೂರುವ ವಿಷಯವಾಗಲಿ. ಅಲ್ಲಿ ಅಂಕವೂ ಚೆನ್ನಾಗಿ ಬರುತ್ತದೆ, ಬರವಣಿಗೆಯೂ ಜೀವ ಹಿಡಿಯುತ್ತದೆ. ಅದು ಕೊಡದೆ ಹೋದದ್ದನ್ನು ಉಳಿದ ಕೋರ್ಸುಗಳಿಂದ ತುಂಬಿಕೊಳ್ಳಬೇಕು.

ಬರವಣಿಗೆ ಎಂದೆ. ಅರ್ಜಿಯ ಜೊತೆ ಇಪ್ಪತ್ತು ಮೂವತ್ತು ಪುಟದ ಒಂದು ಸ್ವಂತ ಪ್ರಬಂಧ ಕಳಿಸಬೇಕು, ಮೂವರು ಪ್ರಾಧ್ಯಾಪಕರ ಶಿಫಾರಸು ಪತ್ರ ಬೇಕು. ಜಿಆರ್‌ಇ ಪರೀಕ್ಷೆಯನ್ನು ಕೋವಿಡ್‌ನ ನಂತರ ಎಷ್ಟೋ ವಿಭಾಗಗಳು ಐಚ್ಛಿಕ ಮಾಡಿದವು, ಕೆಲವು ಇನ್ನೂ ಕೇಳುತ್ತವೆ. ಪ್ರಬಂಧ ಮತ್ತು ಪತ್ರಗಳ ತೂಕ ಮಾತ್ರ ಕುಂದಿಲ್ಲ. ಮುನ್ನೂರು ಜನರ ಹಾಲ್‌ನಲ್ಲಿ ಕೂತು 'ಎ' ಪಡೆದವಳ ಬಗ್ಗೆ ಪ್ರಾಧ್ಯಾಪಕರು ಏನೆಂದು ಬರೆದಾರು? ಹದಿನೈದು ಜನರ ಸೆಮಿನಾರಿನಲ್ಲಿ ವಾದ ಮಾಡಿ, ಕರಡು ತಿದ್ದಿಸಿಕೊಂಡು, ಮತ್ತೆ ಬರೆದು ತೋರಿಸಿದವಳ ಬಗ್ಗೆ ಬರೆಯಲು ಅವರಿಗೆ ಮಾತಿರುತ್ತದೆ. ಎರಡು ಮೇಜರ್‌ಗಳ ನಡುವೆ ಮನಸ್ಸು ಹೊಯ್ದಾಡುತ್ತಿದ್ದರೆ, ಎಲ್ಲಿ ಆನರ್ಸ್ ಪ್ರಬಂಧ ಬರೆಸುತ್ತಾರೆ, ಎಲ್ಲಿ ಕರಡನ್ನು ಓದುವ ಗುರು ಇದ್ದಾರೆ ಎಂದು ನೋಡಿ ಆರಿಸುವುದು ಮೇಲು. ಪದವಿಯ ಒಂದು ಪ್ರಬಂಧ ಎಲ್ಲಿಗೆ ಒಯ್ಯಬಲ್ಲದೆಂಬುದಕ್ಕೆ ಹರ್ಬರ್ಟ್ ಸೈಮನ್ ಸಾಕ್ಷಿ. ಅವರು ಶಿಕಾಗೊದಲ್ಲಿ ಅರ್ಥಶಾಸ್ತ್ರ ಓದಬೇಕೆಂದಿದ್ದರು. ಅದಕ್ಕೆ ಅಕೌಂಟಿಂಗ್ ಕೋರ್ಸು ಕಡ್ಡಾಯವೆಂದು ತಿಳಿದು ರಾಜ್ಯಶಾಸ್ತ್ರಕ್ಕೆ ಸೇರಿದರು. ಪದವಿಯಲ್ಲಿದ್ದಾಗ ಒಂದು ಕೋರ್ಸಿನ ಪ್ರಬಂಧಕ್ಕೆಂದು ಮಿಲ್ವಾಕಿ ನಗರದ ಆಟದ ಮೈದಾನಗಳ ಆಡಳಿತ ನೋಡಲು ಹೋದರು. ಹಣವನ್ನು ಯಾವುದಕ್ಕೆ ಎಷ್ಟು ಎಂದು ಅಧಿಕಾರಿಗಳು ತೀರ್ಮಾನಿಸುವ ಬಗೆ ಪುಸ್ತಕದಲ್ಲಿ ಹೇಳಿದ ಹಾಗಿರಲಿಲ್ಲ. ಆ ಪ್ರಶ್ನೆ ಅವರನ್ನು ಬಿಡಲೇ ಇಲ್ಲ. ಮನುಷ್ಯ ತನ್ನ ಅರಿವಿನ ಮಿತಿಯೊಳಗೆ ಹೇಗೆ ನಿರ್ಧರಿಸುತ್ತಾನೆ ಎಂಬ ಅವರ ಚಿಂತನೆಯ ಬೇರು ಅಲ್ಲಿದೆ. 1975ರಲ್ಲಿ ಕಂಪ್ಯೂಟರ್ ವಿಜ್ಞಾನದ ಟ್ಯೂರಿಂಗ್ ಪ್ರಶಸ್ತಿ, 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್. ಪದವಿ, ಪಿಎಚ್.ಡಿ. ಎರಡೂ 'ಪೊಲಿಟಿಕಲ್ ಸೈನ್ಸ್'.

ನಮ್ಮ ಕಾಲೇಜುಗಳ ಮಕ್ಕಳು ಇದನ್ನು ಓದಿ ಎದೆಗುಂದಬಾರದು ಎಂದು ಸ್ವಲ್ಪ ನಿಲ್ಲುತ್ತೇನೆ. ಎಚ್‌ಇಪಿ ಓದಿದವರಿಗೆ ಮೂರು ವಿಷಯಗಳ ನೆಲೆ ಇದೆ, ಅದು ಸಣ್ಣದಲ್ಲ. ಕೊರತೆ ಮೂರು ಕಡೆ. ಒಂದು, ಹದಿನಾರನೆಯ ವಯಸ್ಸಿಗೇ ಕೈಬಿಟ್ಟುಹೋಗುವ ಗಣಿತ. ಇನ್ನೊಂದು, ಎರಡು ಪುಟದ ಅಸೈನ್‌ಮೆಂಟಿಗಿಂತ ಉದ್ದದ್ದನ್ನು ಬರೆಸದ ನಮ್ಮ ಪದ್ಧತಿ. ಇದರಲ್ಲಿ ನನ್ನ ತಪ್ಪೂ ಇದೆ. ಎಂಬತ್ತು ಜನರ ತರಗತಿಯಲ್ಲಿ ಮೂವತ್ತು ಪುಟ ಓದಿ ತಿದ್ದುವ ಧೈರ್ಯ ನಾನು ಮಾಡಲಿಲ್ಲ. ಮೂರನೆಯದು ವರ್ಷಗಳ ಲೆಕ್ಕ. ರಾಜ್ಯದಲ್ಲಿ 2021-22ರಲ್ಲಿ ನಾಲ್ಕು ವರ್ಷದ ಪದವಿ ಬಂದು, 2024-25ರಿಂದ ಮತ್ತೆ ಮೂರು ವರ್ಷಕ್ಕೆ ಇಳಿಯಿತು. ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳು ಮೂರು ವರ್ಷದ ಪದವಿಯನ್ನು ಒಪ್ಪುತ್ತವೆ, ಕೆಲವು ನಾಲ್ಕು ವರ್ಷ ಬೇಕೆನ್ನುತ್ತವೆ. ಹೀಗಾಗಿ ಇಲ್ಲಿಂದ ಹೋಗುವವರಲ್ಲಿ ಹೆಚ್ಚಿನವರು ಎಂ.ಎ. ಮುಗಿಸಿಯೇ ಹೋಗುತ್ತಾರೆ. ಆ ಎರಡು ವರ್ಷದಲ್ಲಿ ಒಂದು ಗಟ್ಟಿ ಪ್ರಬಂಧ ಬರೆಯುವುದು, ಪಿಯುಸಿ ಗಣಿತದ ಪುಸ್ತಕ ತೆಗೆದು ಮತ್ತೆ ಕೂರುವುದು ಸಾಧ್ಯವಿದೆ. ಎಂಜಿನಿಯರಿಂಗ್ ಮುಗಿಸಿ ಈ ಕಡೆ ತಿರುಗುವವರಿಗೆ ಬೇಕಾದದ್ದು ಇದಕ್ಕೆ ತದ್ವಿರುದ್ಧ: ಲೆಕ್ಕ ಕೈಯಲ್ಲಿದೆ, ಓದು ಮತ್ತು ಪ್ರಶ್ನೆ ಬೇಕು.

ಕನ್ನಡವೊಂದು ನಮ್ಮ ಮಕ್ಕಳ ಕೈಯಲ್ಲಿ ಪುಕ್ಕಟೆಯಾಗಿದೆ. ಅಮೆರಿಕದ ಸಂಶೋಧಕರು ಇದನ್ನು ಕಲಿಯಲೆಂದೇ ಮೈಸೂರಿಗೆ ಬರುತ್ತಾರೆ. ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ ಅಲ್ಲಿ ಅವರಿಗೆ ಕನ್ನಡ ಕಲಿಸುತ್ತದೆ. 1881ರ ಮೈಸೂರು ಪ್ರಜಾಪ್ರತಿನಿಧಿ ಸಭೆ, ದೇವರಾಜ ಅರಸರ ಕಾಲದ ಭೂ ನ್ಯಾಯಮಂಡಳಿಗಳು, ನಜೀರ್ ಸಾಬರ ಮಂಡಲ ಪಂಚಾಯಿತಿಗಳು, ಯಾವುದನ್ನು ಎತ್ತಿಕೊಂಡರೂ ಕಾಗದಪತ್ರದ ಬಹುಪಾಲಿಗೆ, ಬದುಕಿರುವ ನೆನಪಿನ ಪೂರ್ತಿಗೆ, ಕನ್ನಡವೇ ಕೀಲಿಕೈ.

ಅಪಾಯವನ್ನು ಮುಚ್ಚಿಡಬಾರದು. ಪಿಎಚ್.ಡಿ. ಮುಗಿಸಿದವರಿಗೆಲ್ಲ ಅಲ್ಲಿ ಪ್ರಾಧ್ಯಾಪಕ ಹುದ್ದೆ ಸಿಗುವುದಿಲ್ಲ. ಸರ್ಕಾರದ ಅನುದಾನದ ತಕರಾರು ಹುಟ್ಟಿದ ಮೇಲೆ, 2025ರಲ್ಲಿ, ಹಲವು ದೊಡ್ಡ ವಿಶ್ವವಿದ್ಯಾಲಯಗಳು ಪಿಎಚ್.ಡಿ. ಸೀಟುಗಳನ್ನೇ ಕಡಿಮೆ ಮಾಡಿದವು. ಹತ್ತೊಂಬತ್ತು ವರ್ಷದಲ್ಲಿ ಕಂಡ ಆಸೆ ಇಪ್ಪತ್ತೆರಡಕ್ಕೆ ಬದಲಾಗಲೂಬಹುದು. ಸಂಶೋಧನೆಯ ದಾರಿ ಹಿಡಿಯದಿದ್ದರೂ ಕೈಗೆ ಕೆಲಸ, ಮನಸ್ಸಿಗೆ ನೆಮ್ಮದಿ ಕೊಡುವ ಓದು ಇದಾಗಿರಲಿ ಎಂದು ಅಣ್ಣ ಹೇಳುವುದರಲ್ಲಿ ತಂದೆಯ ಕಾಳಜಿ ಇದೆ. ಅದನ್ನು ಅಲ್ಲಗಳೆಯಲು ನನಗೆ ಮನಸ್ಸಿಲ್ಲ.

ಇಷ್ಟನ್ನೂ ಒಂದು ಭಾನುವಾರ ಅವಳಿಗೆ ಹೇಳಿದೆ. ನಡುನಡುವೆ ತಡೆದು ಕೇಳಿದಳು, ಬರೆದುಕೊಂಡಳು. ಮುಂದಿನ ವಾರ ಅವಳೇ ಫೋನು ಮಾಡಿದಳು. ಮೇಜರ್ ಇತಿಹಾಸ, ಜೊತೆಗೆ ಸಂಖ್ಯಾಶಾಸ್ತ್ರದಲ್ಲಿ ಮೈನರ್. ರಾಜ್ಯಶಾಸ್ತ್ರದಲ್ಲಿ ಮೂರು ಕೋರ್ಸು, ಮೂರೂ ಚಿಕ್ಕ ಸೆಮಿನಾರು. ಬರುವ ಸೆಮಿಸ್ಟರಿಗೆ ಲೀನಿಯರ್ ಆಲ್‌ಜೀಬ್ರಾ ಹಾಕಿಕೊಂಡಿದ್ದಾಳೆ. ಅಪ್ಪ ಒಪ್ಪಿದರಾ ಎಂದು ಕೇಳಿದೆ. "ಸ್ಟಾಟಿಸ್ಟಿಕ್ಸ್ ಇದೆ ಅಂದ್ಮೇಲೆ ಒಪ್ಪಿದ್ರು" ಎಂದಳು.

ಬೇಸಿಗೆ ರಜೆಗೆ ಊರಿಗೆ ಬರುತ್ತಿದ್ದಾಳೆ. ನಮ್ಮ ತಂದೆ ಒಂದು ಕಾಲದಲ್ಲಿ ಊರಿನ ಪಂಚಾಯಿತಿ ಸದಸ್ಯರಾಗಿದ್ದರು. ಅಟ್ಟದ ಮೇಲಿನ ಟ್ರಂಕಿನಲ್ಲಿ ಅವರ ಕೈಬರಹದ ಲೆಕ್ಕದ ಪುಸ್ತಕಗಳಿವೆ: ಕಂದಾಯ ಎಷ್ಟು ಬಂತು, ಬಾವಿ ರಿಪೇರಿಗೆ ಎಷ್ಟು ಹೋಯಿತು, ಯಾವ ಬೀದಿಗೆ ದೀಪ. ಅವುಗಳ ನಾಲ್ಕು ಪುಟದ ಫೋಟೊ ತೆಗೆದು ಕಳಿಸಿದ್ದೆ. ಅಕ್ಷರ ಕೂಡಿಸಿಕೊಂಡು ಓದುವಷ್ಟು ಕನ್ನಡವನ್ನು ಅವಳಮ್ಮ ಕಲಿಸಿದ್ದಾಳೆ. ನಿನ್ನೆ ರಾತ್ರಿ ಒಂದು ಮೆಸೇಜ್ ಬಂದಿತ್ತು. ಊರಿನ ಹೆಸರು, ತಿಂಗಳು, ಬಾವಿ, ದೀಪ ಎಲ್ಲ ಓದಿದ್ದಾಳಂತೆ. ಅಂಕಿಗಳೇ ಗೊತ್ತಾಗುತ್ತಿಲ್ಲವಂತೆ. ತಾತ ಎಲ್ಲವನ್ನೂ ಕನ್ನಡ ಅಂಕಿಯಲ್ಲಿ ಬರೆದಿದ್ದರು. ಒಂದು ಹಾಳೆಯ ಮೇಲೆ ೧ರಿಂದ ೧೦ರವರೆಗೆ ದೊಡ್ಡದಾಗಿ ಬರೆದು, ಪಕ್ಕದಲ್ಲಿ ಅವಳಿಗೆ ಗೊತ್ತಿರುವ ಅಂಕಿಗಳನ್ನು ಬರೆದು, ಫೋಟೊ ತೆಗೆದು ಕಳಿಸಿದೆ.